ಬೆಲೆಯಿಲ್ಲದೆ ದೊರೆಯುವ ಗ್ರಂಥಗಳೂ ನೀಲಗಿರಿಯ ಕನ್ನಡಿಗರೂ

(ಉದಕಮಂಡಲದಲ್ಲಿ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಭಾಷಣವೆಂದರೆ ಕನ್ನಡದ ಪ್ರಾಚೀನತೆಯನ್ನು ಕೊಂಡಾಡಿ, ಗಡಿಯಾಚೆ ಅದಕ್ಕೊದಗಿದ ದುಸ್ಥಿತಿಯನ್ನು ನೆನೆದು ಮರುಗಿ, ಉಪ್ಪಿಟ್ಟು ಕಾಫಿಗಳಾದ ಮೇಲೆ ಚದರುವುದೆಂಬ ಸಂಪ್ರದಾಯವೊಂದು ನಮ್ಮಲ್ಲಿ ಬೆಳೆದುಬಂದಿದೆ. ಅದನ್ನು ಹಳಿಯಲಾರೆ, ವರ್ಷಕ್ಕೊಮ್ಮೆಯಾದರೂ ಮರುಗುವ ಜನ ಉಳಿದಿರುವುದೇ ಒಂದು ಭಾಗ್ಯ. ಆದರೆ ಈ ಸಂಜೆ ನನಗೆ ವಹಿಸಿಕೊಟ್ಟಿರತಕ್ಕ ವಿಷಯ ಮರುಕಕ್ಕೆ ಎಡೆಗೊಡತಕ್ಕದ್ದಲ್ಲ. ಕನ್ನಡದ ಸಾವಿರಾರು ಗ್ರಂಥಗಳು ಇಂದು ಅಂತರಜಾಲದಲ್ಲಿ ಬೆಲೆಯಿಲ್ಲದೆ ಓದಲು ದೊರೆಯುತ್ತಿವೆ. ಒಳ್ಳೆಯ ಕನ್ನಡ ಪುಸ್ತಕವೊಂದು ಬೇಕೆಂದರೆ ಬಂಡೀಪುರದ ಕಾಡನ್ನು ಹಾಯ್ದು ಮೈಸೂರಿಗೆ ಇಳಿಯಬೇಕಾದ, ಅದೂ ೨೦೦೯ರಿಂದ ಈಚೆಗೆ ರಾತ್ರಿ ಒಂಬತ್ತರೊಳಗೆ ಆ ಕಾಡಿನ ಹಾದಿಯನ್ನು ಮುಗಿಸಬೇಕಾದ ನಮ್ಮಂಥವರಿಗೆ ಇದು ಅಲ್ಪ ಸಂಗತಿಯಲ್ಲ. ದೇವರಶೋಲೆಯ ತೋಟದ ಲೈನು ಮನೆಯಲ್ಲಿ ಕುಳಿತವರೂ, ಮೈಸೂರಿನ ಸರಸ್ವತೀಪುರದಲ್ಲಿ ಕುಳಿತವರೂ ಈ ಒಂದು ವಿಷಯದಲ್ಲಿ ಸಮಾನರಾಗಿದ್ದಾರೆ. ಗಡಿನಾಡಿನವನಿಗೆ ಇಂಥ ಸಮಾನತೆ ಬೇರಾವ ವಿಷಯದಲ್ಲಿ ದೊರೆತಿದೆಯೆಂಬುದನ್ನು ತಾವೇ ಯೋಚಿಸಿ ನೋಡಬಹುದು.

ಇದು ಹೊಸಗಾಲದ ಮಾಯೆ, ನಮಗೂ ಇದಕ್ಕೂ ಸಂಬಂಧವಿಲ್ಲ ಎಂದು ಹಿರಿಯರು ಕೆಲವರು ತಿಳಿದಿರಬಹುದು. ಸಂಬಂಧವುಂಟು, ಅದೂ ನೂರೆಪ್ಪತ್ತು ವರ್ಷಕ್ಕೆ ಮೇಲ್ಪಟ್ಟ ಸಂಬಂಧ. ಇಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿರುವ ಕೇತಿಯ ಕಣಿವೆಯನ್ನು ನೋಡದವರು ಈ ಸಭೆಯಲ್ಲಿ ಯಾರೂ ಇರಲಾರರು. ಮದರಾಸು ಸರ್ಕಾರದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕ್ಯಾಸಮೇಜರ್ ಎಂಬವರು ಆ ಕಣಿವೆಯಲ್ಲಿ ನೆಲೆಸಿದ್ದರು. ೧೮೪೬ರಲ್ಲಿ ಅಲ್ಲಿ ಬಾಸೆಲ್ ಮಿಷನ್ನಿನ ಕೆಲಸ ಆರಂಭವಾದುದು ಅವರ ಆಶ್ರಯದಲ್ಲಿ. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗರು, ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರು, ತಾಳೆಗರಿಗಳಲ್ಲಿಯೂ ಕಡತಗಳಲ್ಲಿಯೂ ಅಡಗಿದ್ದ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತರಬೇಕೆಂದು ಹೊರಟಾಗ ಹಣವೊದಗಿಸಿದವರು ಈ ಕ್ಯಾಸಮೇಜರರೇ. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಆ ಮಾಲೆ ೧೮೪೮ರಿಂದ ಮೊದಲ್ಗೊಂಡು ಮಂಗಳೂರಿನ ಕಲ್ಲಚ್ಚಿನಲ್ಲಿ ಹೊರಬಂದಿತು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮುಂತಾದುವು ಅದರಲ್ಲಿ ಅಚ್ಚಿನ ಮುಖವನ್ನು ಕಂಡುವು. ಕ್ರೈಸ್ತ ಮಿಷನ್ನಿನವರು ಶರಣರ ಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಮಾಡಿಸಿದರೆಂಬುದು ಮಾತ್ರವಲ್ಲ ಇಲ್ಲಿರುವ ಸ್ವಾರಸ್ಯ. ಆ ಹಣ ನಮ್ಮ ಈ ಬೆಟ್ಟದಿಂದ ಇಳಿದುಹೋದದ್ದು. ೧೮೪೯ರಲ್ಲಿ ತೀರಿಕೊಂಡ ಕ್ಯಾಸಮೇಜರರು ಆ ಮಾಲೆ ಪೂರ್ಣವಾದುದನ್ನು ಕಾಣಲಿಲ್ಲ. ಇಂದು ಗ್ರಂಥಗಳನ್ನು ಬೆಲೆಯಿಲ್ಲದೆ ಲೋಕಕ್ಕೆ ಕೊಡುತ್ತಿರುವವರ ಪೂರ್ವಿಕರಲ್ಲಿ ಕೇತಿಯ ಆ ಮುದುಕರನ್ನೂ ಎಣಿಸಿಕೊಳ್ಳುವ ಹಕ್ಕು ನಮಗಿದೆಯೆಂದು ನಾನು ತಿಳಿದಿದ್ದೇನೆ.

ಇದರ ಎದುರಿಗೆ ಇನ್ನೊಂದು ಚಿತ್ರವನ್ನಿಟ್ಟು ನೋಡಿ. ಇದೇ ಉದಕಮಂಡಲದಲ್ಲಿ ನೀಲಗಿರಿ ಲೈಬ್ರರಿ ೧೮೫೯ರಲ್ಲಿ ಸ್ಥಾಪಿತವಾಯಿತು. ಅಂದದ ಕಟ್ಟಡ, ಎತ್ತರದ ಚಾವಣಿ, ಅಪರೂಪದ ಪುಸ್ತಕಗಳು. ಆದರೆ ಅದು ಸದಸ್ಯರ ಲೈಬ್ರರಿ. ಚಂದಾ ಕೊಟ್ಟವರ ಸೊತ್ತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಚಂದಾ ಇಲ್ಲದಿದ್ದರೆ ಈ ಥಂಡಿಯಲ್ಲಿ ಆ ಪುಸ್ತಕಗಳನ್ನು ಯಾರು ಕಾಪಾಡುತ್ತಿದ್ದರು? ಆದರೂ ಪುಸ್ತಕ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಗೆ ಒಂದೇ ಬೆಟ್ಟದ ಮೇಲೆ, ಹತ್ತು ಹನ್ನೆರಡು ವರ್ಷಗಳ ಅಂತರದಲ್ಲಿ, ಎರಡು ಬೇರೆಬೇರೆ ಉತ್ತರಗಳು ಹುಟ್ಟಿದುವು. ಮೂರನೆಯ ಉತ್ತರ ಮದರಾಸಿನಿಂದ ಬಂದಿತು. ಎಸ್. ಆರ್. ರಂಗನಾಥನ್ ಅವರ ಪ್ರಯತ್ನದ ಫಲವಾಗಿ ೧೯೪೮ರಲ್ಲಿ ಆದ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ, ಮನೆಕಂದಾಯದೊಡನೆ ಗ್ರಂಥಾಲಯ ಕರವನ್ನೂ ಸೇರಿಸಿ, ಪುಸ್ತಕ ಎಲ್ಲರ ಸೊತ್ತೆಂದು ಸಾರಿತು. ನಾವೂ ಆ ಕರವನ್ನು ಕೊಡುತ್ತಲೇ ಬಂದಿದ್ದೇವೆ.

ಇನ್ನು ವಿಷಯದ ತಿರುಳಿಗೆ ಬರುತ್ತೇನೆ. ಅಂತರಜಾಲದಲ್ಲಿ ಗ್ರಂಥಗಳನ್ನು ಧರ್ಮಾರ್ಥವಾಗಿ ಇರಿಸುವ ಪದ್ಧತಿಗೆ ಮೊದಲಿಗನೆಂದು ಹೆಸರಾದವನು ಅಮೆರಿಕದ ಮೈಕೆಲ್ ಹಾರ್ಟ್. ೧೯೭೧ರ ಜುಲೈ ೪ರಂದು ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಕೈಯಿಂದಲೇ ಕಂಪ್ಯೂಟರಿಗೆ ಬೆರಳಚ್ಚು ಮಾಡಿ, ಗುಟೆನ್‌ಬರ್ಗ್ ಯೋಜನೆಗೆ ಅವನು ಅಸ್ತಿಭಾರ ಹಾಕಿದನು. ನಮ್ಮ ನೆರೆಯವರಾದ ತಮಿಳರು ಈ ವಿಷಯದಲ್ಲಿ ನಮಗಿಂತ ಮುಂಚೆಯೇ ಎಚ್ಚೆತ್ತರು. ೧೯೯೮ರ ಪೊಂಗಲ್ ಹಬ್ಬದ ದಿನ ಸ್ವಿಟ್ಜರ್ಲೆಂಡಿನಲ್ಲಿದ್ದ ಕಲ್ಯಾಣಸುಂದರಂ ಮೊದಲಾದವರು ‘ಮದುರೈ ಯೋಜನೆ’ಯನ್ನು ಆರಂಭಿಸಿ, ಸಂಬಳವಿಲ್ಲದ ಕೆಲಸಗಾರರಿಂದಲೇ ತಮಿಳಿನ ಪ್ರಾಚೀನ ಕೃತಿಗಳನ್ನು ಅಕ್ಷರ ಅಕ್ಷರವಾಗಿ ಹೊಡೆಯಿಸಿ ಲೋಕಕ್ಕೊಪ್ಪಿಸಿದರು. ಇದಲ್ಲದೆ, ಲೇಖಕರ ವಾರಸುದಾರರಿಗೆ ಹಣ ಕೊಟ್ಟು ಕೃತಿಗಳನ್ನು ‘ನಾಟ್ಟುಡೈಮೆ’ ಮಾಡುವ, ಅಂದರೆ ನಾಡಿನ ಸೊತ್ತಾಗಿಸುವ ಪದ್ಧತಿಯೊಂದು ತಮಿಳುನಾಡಿನಲ್ಲಿ ಬೆಳೆದಿದೆ. ೧೯೪೯ರಲ್ಲಿ ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ಸರ್ಕಾರ ಪಡೆದಂದಿನಿಂದ ನಡೆದುಬಂದ ಈ ದಾರಿಯಲ್ಲಿ ನೂರಕ್ಕೆ ಮೇಲ್ಪಟ್ಟ ಲೇಖಕರ ಬರೆಹಗಳು ಜನರದಾಗಿವೆ. ತಮಿಳರಿಂದ ನಾವು ಕಲಿಯುವುದಕ್ಕೆ ಏನಿದೆ ಎಂದು ನಮ್ಮಲ್ಲಿ ಕೆಲವರು ಮೀಸೆ ತಿರುವುವುದುಂಟು. ಕಲಿಯಬೇಕಾದುದು ಇದು.

ಕನ್ನಡದಲ್ಲಿ ಆದದ್ದೇನು? ಎರಡು ಸಾವಿರದ ಇಸವಿಯ ಆಚೀಚೆ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಯೋಜನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಆರಂಭವಾಯಿತು. ದೇಶದ ನಾನಾ ಗ್ರಂಥಾಲಯಗಳಲ್ಲಿ ಯಂತ್ರಗಳನ್ನಿಟ್ಟು ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿದರು. ಹೀಗೆ ನಮಗೆ ದೊರೆತ ಕನ್ನಡ ಪುಸ್ತಕಗಳಲ್ಲಿ ಬಹು ದೊಡ್ಡ ಪಾಲು ಕರ್ನಾಟಕದ್ದಲ್ಲ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ್ದೆಂಬುದನ್ನು ಗಡಿನಾಡಿನವರಾದ ತಾವು ವಿಶೇಷವಾಗಿ ಗಮನಿಸಬೇಕು. ೧೯೫೬ರ ನವೆಂಬರ್ ೧ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದಿಗೆ ಸೇರಿದ್ದುವು. ಅಲ್ಲಿಯ ವಿದ್ಯಾಲಯದಲ್ಲಿ ಕನ್ನಡ ಪುಸ್ತಕಗಳಿಗೆ ಎಡೆಯಿತ್ತು. ಜಿಲ್ಲೆಗಳು ಕರ್ನಾಟಕಕ್ಕೆ ಬಂದುವು. ಪುಸ್ತಕಗಳು ಅಲ್ಲಿಯೇ ಉಳಿದುವು. ಪರನಾಡಿನ ಕಪಾಟಿನಲ್ಲಿ ಉಳಿದ ಆ ಪುಸ್ತಕಗಳೇ ಇಂದು ಕನ್ನಡ ನಾಡಿನ ಸಂಶೋಧಕರಿಗೆ ಆಧಾರವಾಗಿವೆ. ಆ ಪುಟಗಳನ್ನು ತೆರೆದವರು ಮೊದಲಿಗೇ ಒಂದು ಚೀಟಿಯನ್ನು ಕಾಣುತ್ತಾರೆ: ಗ್ರಂಥಾಲಯದ ಮುದ್ರೆ, ಪುಸ್ತಕದ ಸಂಖ್ಯೆ, ಕೊನೆಗೆ ಗುರುತು ಮಾಡಿದ ತಾರೀಖಿನೊಳಗೆ ಹಿಂದಿರುಗಿಸತಕ್ಕದ್ದೆಂಬ ಸೂಚನೆ. ಆ ಚೀಟಿಯೂ ಪುಸ್ತಕದೊಡನೆ ಸ್ಕ್ಯಾನಾಗಿ ಲೋಕವನ್ನೆಲ್ಲ ಸುತ್ತುತ್ತಿದೆ. ಇನ್ನು ಅದನ್ನು ಯಾರು, ಎಲ್ಲಿಗೆ ಹಿಂದಿರುಗಿಸಬೇಕೋ!

ಆದರೆ ಇರಿಸಿದ್ದು ದೊರೆಯಬೇಕಷ್ಟೆ. ಆ ಭಂಡಾರದ ಪಟ್ಟಿಯನ್ನು ಸಿದ್ಧಪಡಿಸಿದವರು ಕನ್ನಡ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ತಮಗೆ ತೋಚಿದಂತೆ ಬರೆದಿಟ್ಟರು. ದೀರ್ಘವಿಲ್ಲ, ಒತ್ತಿಲ್ಲ, ಕೆಲವೆಡೆ ಲೇಖಕನ ಹೆಸರು ಗ್ರಂಥದ ಹೆಸರಾಗಿದೆ. ಕನ್ನಡದಲ್ಲಿ ಹುಡುಕಿದವನಿಗೆ ಒಂದೂ ಸಿಕ್ಕದು. ಸಮುದ್ರದಲ್ಲಿ ರತ್ನವುಂಟು, ಮುಳುಗುವವನಿಗೆ ಕಣ್ಣಿಲ್ಲ ಎಂಬಂತಾಯಿತು. ಆಗ ಓಂಶಿವಪ್ರಕಾಶ್ ಮತ್ತು ಅವರ ‘ಸಂಚಯ’ ಬಳಗದವರು ‘ಪುಸ್ತಕ ಸಂಚಯ’ವೆಂಬ ಹೆಸರಿನಿಂದ ಆ ಪಟ್ಟಿಯನ್ನು ಹೊರತೆಗೆದು, ಆಸಕ್ತರಾದ ಓದುಗರ ನೆರವಿನಿಂದ ಒಂದೊಂದು ಹೆಸರನ್ನೂ ಕನ್ನಡಕ್ಕೆ ತಿದ್ದಿಸಿ, ಹುಡುಕಿದರೆ ಸಿಕ್ಕುವಂತೆ ಮಾಡಿದರು. ಇದು ಕೀರ್ತಿ ತರುವ ಕೆಲಸವಲ್ಲ; ಬೆನ್ನುನೋವು ತರುವ ಕೆಲಸ. ಕಾವ್ಯ ಬರೆದವರನ್ನು ಸನ್ಮಾನಿಸುವ ನಾವು ಪಟ್ಟಿ ಬರೆದವರನ್ನು ಮರೆಯುತ್ತೇವೆ. ಮುಂದೆ ಕೃತಿಸ್ವಾಮ್ಯದ ಆಕ್ಷೇಪಣೆಗಳೆದ್ದು ಆ ಸರ್ಕಾರಿ ಭಂಡಾರದ ಬಾಗಿಲು ಮುಚ್ಚಿತು. ಆದರೆ ಪ್ರತಿಗಳು ೧೯೯೬ರಲ್ಲಿ ಸ್ಥಾಪಿತವಾದ ‘ಇಂಟರ್ನೆಟ್ ಆರ್ಕೈವ್’ ಎಂಬ ದೊಡ್ಡ ಉಗ್ರಾಣವನ್ನು ಸೇರಿದ್ದುವು; ಇಂದಿಗೂ ಅಲ್ಲಿ ದೊರೆಯುತ್ತವೆ. ಒಂದೇ ಕಡೆ ಇಟ್ಟ ಭತ್ತಕ್ಕೆ ಇಲಿಯ ಭಯ ತಪ್ಪದು.

೨೦೧೪ರಲ್ಲಿ ಎರಡು ದೊಡ್ಡ ದಾನಗಳಾದುವು. ನಿರಂಜನರ ಕೃತಿಗಳನ್ನು ಅವರ ಮನೆಯವರು ಯಾರು ಬೇಕಾದರೂ ಓದಬಹುದು, ಹಂಚಬಹುದು ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಅದೇ ರೀತಿ ಒಪ್ಪಿಸಿತು. ಬಳಿಕ ೨೦೧೬ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ ‘ಭಾರತವಾಣಿ’ ಬಂದಿತು. ೨೦೧೯ರಲ್ಲಿ ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ದುಡಿದು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಿಂದ ಒಂದೂವರೆ ಲಕ್ಷಕ್ಕೆ ಮೀರಿದ ಪದಗಳೊಡನೆ ಎಲ್ಲರಿಗೂ ತೆರೆಯಿತು. ೧೮೯೪ರ ಕಿಟ್ಟೆಲ್ ಕೋಶವಂತೂ ಪುಟಪುಟವೂ ದೊರೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೆಲೆಯಿಲ್ಲದೆ ದೊರೆಯುವುದೆಲ್ಲ ದಾನವಲ್ಲ, ಕೆಲವು ಕಳವು. ಇದನ್ನು ಸ್ಪಷ್ಟವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಬಳಗದವರ ಮೊಬೈಲುಗಳಲ್ಲಿಯೇ ಇಂದು ಬದುಕಿರುವ ಲೇಖಕರ, ಇತ್ತೀಚೆಗೆ ಅಚ್ಚಾದ ಕಾದಂಬರಿಗಳ ಪಿಡಿಎಫ್ ಪ್ರತಿಗಳು ಕೈಯಿಂದ ಕೈಗೆ ಸಾಗುತ್ತಿವೆ. ಐನೂರು ಸಾವಿರ ಪ್ರತಿ ಅಚ್ಚು ಹಾಕಿಸಿ ಅವು ಮಾರಿಹೋದಾವೋ ಇಲ್ಲವೋ ಎಂದು ಕಾಯುವ ಕನ್ನಡದ ಸಣ್ಣ ಪ್ರಕಾಶಕನ ಹೊಟ್ಟೆಯ ಮೇಲೆ ಹೊಡೆದು ಕನ್ನಡ ಸೇವೆ ಮಾಡಿದೆವೆಂದು ಬೀಗುವುದು ಯಾವ ನ್ಯಾಯ? ಕಾಯಿದೆ ಕ್ಲಿಷ್ಟವೇನೂ ಅಲ್ಲ. ೧೯೫೭ರ ಕೃತಿಸ್ವಾಮ್ಯ ಶಾಸನ ಮೊದಲು ಲೇಖಕನ ಮರಣಾನಂತರ ಐವತ್ತು ವರ್ಷಗಳ ಕಾಲ ಹಕ್ಕನ್ನು ಕೊಟ್ಟಿತ್ತು. ೧೯೯೨ರಲ್ಲಿ ಅದು ಅರುವತ್ತಾಯಿತು. ಲೇಖಕನು ತೀರಿಕೊಂಡ ಮರುವರ್ಷದ ಜನವರಿಯಿಂದ ಎಣಿಕೆ. ಬಿ. ಎಂ. ಶ್ರೀಕಂಠಯ್ಯನವರೂ ಕೈಲಾಸಂ ಅವರೂ ೧೯೪೬ರಲ್ಲಿ ತೀರಿಕೊಂಡರು. ಅವರ ಬರೆಹಗಳು ೨೦೦೭ರಿಂದ ಎಲ್ಲರವು. ನಮ್ಮಂತೆಯೇ ಗಡಿಯ ಮೇಲಿದ್ದ ಮಂಜೇಶ್ವರದ ಗೋವಿಂದ ಪೈಗಳು, ೧೯೪೯ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿಗಳೆನಿಸಿದವರು, ೧೯೬೩ರ ಸೆಪ್ಟೆಂಬರಿನಲ್ಲಿ ಕಾಲವಾದರು. ಅವರು ಬದುಕಿದ್ದಾಗ ಪ್ರಕಟಿಸಿದುದೆಲ್ಲ ೨೦೨೪ರ ಜನವರಿ ೧ರಿಂದ ನಮ್ಮದಾಗಿದೆ. ಕುವೆಂಪು ಅವರದು ೨೦೫೪ರ ಕೊನೆಯವರೆಗೆ, ಕಾರಂತರದು ೨೦೫೭ರ ಕೊನೆಯವರೆಗೆ ಹಕ್ಕುಳ್ಳ ಕೃತಿಗಳು. ಅವನ್ನು ಕೊಂಡು ಓದೋಣ. ಕೊಳ್ಳುವ ಶಕ್ತಿಯಿಲ್ಲದವರಿಗಾಗಿ ಸಂಘವೇ ಒಂದು ಪ್ರತಿಯನ್ನು ಕೊಂಡು ಎರವಲು ಕೊಡಲಿ.

ಈಗ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಕೊರೆಯುತ್ತಿರುವ ಮಾತು. ರಂಗನಾಥನ್ ಅವರು ೧೯೩೧ರಲ್ಲಿ ನಿರೂಪಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಒಂದು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದು. ಇನ್ನೊಂದು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕೆಂಬುದು. ಮೊದಲನೆಯದನ್ನು ಅಂತರಜಾಲ ನಮ್ಮ ಪಾಲಿಗೆ ಬಹುಮಟ್ಟಿಗೆ ಸಾಧಿಸಿಕೊಟ್ಟಿತು. ಎರಡನೆಯದನ್ನು ಯಾವ ಯಂತ್ರವೂ ಸಾಧಿಸಿಕೊಡಲಾರದು. ಮಸಿನಗುಡಿಯ ಮನೆಯಲ್ಲಿ ಅಜ್ಜಿಯೊಡನೆ ಅಚ್ಚಗನ್ನಡದಲ್ಲಿ ಮಾತನಾಡುವ ಮೊಮ್ಮಗಳಿಗೆ ಕನ್ನಡದ ಅಕ್ಷರ ತಿಳಿಯದು. ತಮಿಳುನಾಡಿನ ೨೦೦೬ರ ತಮಿಳು ಕಲಿಕೆಯ ಕಾಯಿದೆ ಒಂದನೆಯ ತರಗತಿಯಿಂದ ಮೊದಲ್ಗೊಂಡು ವರ್ಷಕ್ಕೊಂದು ತರಗತಿಯಂತೆ ಹತ್ತನೆಯದರವರೆಗೆ ತಮಿಳನ್ನು ಕಡ್ಡಾಯವಾಗಿಸಿತು. ಅಲ್ಪಸಂಖ್ಯಾತ ಭಾಷೆಗಳವರು ನ್ಯಾಯಾಲಯದ ಮೆಟ್ಟಿಲೇರಿ ಪರೀಕ್ಷೆಯಲ್ಲಿ ಆಗಾಗ ವಿನಾಯಿತಿ ಪಡೆದುದುಂಟು. ಇರುವ ನಾಡಿನ ನುಡಿಯನ್ನು ಕಲಿಯುವುದು ನಮ್ಮ ಧರ್ಮವೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ತಮಿಳು ಕಲಿತ ಮಗುವಿನ ಬುದ್ಧಿ ಕುಂದುವುದೂ ಇಲ್ಲ. ಆದರೆ ಆ ಮಗುವಿಗೆ ಕನ್ನಡದ ಐವತ್ತು ಅಕ್ಷರಗಳನ್ನು ಕಲಿಸತಕ್ಕ ಹೊಣೆ ಶಾಲೆಯಿಂದ ಜಾರಿ ನಮ್ಮ ಮಡಿಲಿಗೆ ಬಿದ್ದಿದೆಯೆಂಬುದನ್ನು ನಾವು ಇನ್ನೂ ಒಪ್ಪಿಕೊಂಡಂತೆ ಕಾಣುವುದಿಲ್ಲ. ಸಾವಿರಾರು ಪುಸ್ತಕಗಳು ಬಾಗಿಲಿಗೆ ಬಂದು ನಿಂತಿವೆ. ಬಾಗಿಲು ತೆರೆಯುವವರಿಗೆ ಓದು ಬಾರದು. ಇದಕ್ಕಿಂತ ವಿಪರೀತವಾದ ಬಡತನವನ್ನು ನಾನು ಕಾಣೆ.

ಓದು ಬಾರದವರಿಗೆ ಮೊಬೈಲೇ ಓದಿ ಹೇಳುತ್ತದಲ್ಲ ಎಂದು ತರುಣರು ಕೇಳುತ್ತಾರೆ. ಹೇಳುತ್ತದೆ, ಆದರೆ ಯಾವುದನ್ನು? ಸ್ಕ್ಯಾನ್ ಮಾಡಿದ ಪುಟವೆಂಬುದು ಕೇವಲ ಚಿತ್ರ. ಅದರೊಳಗಿನ ಅಕ್ಷರ ಯಂತ್ರಕ್ಕೆ ಅಕ್ಷರವಲ್ಲ, ಮಸಿಯ ಗೀಟು. ಚಿತ್ರದಿಂದ ಅಕ್ಷರವನ್ನು ಬಿಡಿಸುವ ತಂತ್ರವಿದೆ. ಆದರೆ ಹಳೆಯ ಅಚ್ಚು, ಒತ್ತಕ್ಷರ, ಮಾಸಿದ ಕಾಗದಗಳ ಮುಂದೆ ಅದು ತಡವರಿಸುತ್ತದೆ. ದಕಾರ, ಧಕಾರ, ಥಕಾರಗಳನ್ನು ಕಲಸಿಬಿಡುತ್ತದೆ; ಧನವಂತನು ದನವಂತನಾಗುತ್ತಾನೆ. ಆದ್ದರಿಂದ ಮನುಷ್ಯನೊಬ್ಬನು ಕುಳಿತು ಪುಟವನ್ನೂ ಪಠ್ಯವನ್ನೂ ಹೋಲಿಸಿ ತಿದ್ದಬೇಕು. ಕನ್ನಡ ವಿಕಿಸೋರ್ಸಿನಲ್ಲಿ ನಡೆಯುವ ಕೆಲಸ ಇದೇ: ಒಬ್ಬರು ತಿದ್ದಿದ ಪುಟವನ್ನು ಮತ್ತೊಬ್ಬರು ನೋಡಿ ಸರಿಯೆಂದ ಮೇಲೆ ಅದು ಪಕ್ವವಾಯಿತೆಂದು ಗುರುತು. ನಿವೃತ್ತರಾಗಿ, ಕರಡು ತಿದ್ದುವ ಕಣ್ಣುಳ್ಳ ಉಪಾಧ್ಯಾಯರು ಈ ಸಭೆಯಲ್ಲಿಯೇ ಹತ್ತಾರು ಮಂದಿ ಇದ್ದೀರಿ. ದಿನಕ್ಕೆ ಒಂದು ಪುಟ, ಹೆಚ್ಚಿಗೆ ಬೇಡ. ಹಾಗೆ ತಿದ್ದಿದ ಪುಟವನ್ನು ಕಣ್ಣು ಕಾಣದ ಕೂನೂರಿನ ಅಜ್ಜನಿಗೆ ಮೊಬೈಲು ಓದಿ ಹೇಳೀತು.

ಕಾಡಿನಂಚಿನ ಊರುಗಳಲ್ಲಿ ಸಿಗ್ನಲ್ ಸಿಕ್ಕುವುದಿಲ್ಲ ಎಂಬ ದೂರು ನಿಜ. ತೆಪ್ಪಕಾಡಿನ ಕಡೆ ಆನೆ ಸಿಕ್ಕಿದರೂ ಸಿಗ್ನಲ್ ಸಿಕ್ಕದು. ಆದರೆ ಪುಸ್ತಕ ಓದುವುದಕ್ಕೆ ಸಿಗ್ನಲ್ ಬೇಕಾದುದು ಒಂದೇ ಸಲ, ಇಳಿಸಿಕೊಳ್ಳುವಾಗ. ಉದಕಮಂಡಲದಲ್ಲಿಯೋ ಗೂಡಲೂರಿನಲ್ಲಿಯೋ ಒಮ್ಮೆ ಇಳಿಸಿಕೊಂಡು, ಉಗುರಿನಷ್ಟು ಗಾತ್ರದ ಮೆಮೊರಿ ಕಾರ್ಡಿನಲ್ಲಿ ಹಾಕಿ ಬಸ್ಸಿನಲ್ಲಿ ಕಳುಹಿದರೂ ಆಯಿತು. ಪುಸ್ತಕವೊಂದಕ್ಕೆ ಹದಿನೈದು ಎಂಬಿಯೆಂದು ಹಿಡಿದರೆ ೩೨ ಜಿಬಿಯ ಕಾರ್ಡಿನಲ್ಲಿ ಎರಡು ಸಾವಿರ ಗ್ರಂಥಗಳು ಹಿಡಿಸುತ್ತವೆ. ಸಂಘದ ಕಪಾಟಿನಲ್ಲಿ ಎಷ್ಟಿವೆಯೆಂದು ಕಾರ್ಯದರ್ಶಿಗಳನ್ನು ಕೇಳಿ ಅವರನ್ನು ನಾಚಿಸಲಾರೆ.

ಇಷ್ಟು ಹೊತ್ತು ಹೊರಗಿನಿಂದ ನಮಗೆ ಬರತಕ್ಕ ಗ್ರಂಥಗಳ ಮಾತಾಯಿತು. ನಮ್ಮಿಂದ ಹೊರಗೆ ಹೋಗಬೇಕಾದುವು ಯಾವುವು? ಈ ಬೆಟ್ಟದ ಮಂಜು ಕಾಗದದ ಶತ್ರು. ಬಾಸೆಲ್ ಮಿಷನ್ನಿನ ಕಾಲದ ಪಾಠಪುಸ್ತಕಗಳು, ಮೈಸೂರಿನಿಂದ ಬಂದ ಮನೆತನಗಳ ಕಾಗದಪತ್ರಗಳು, ಗೂಡಲೂರಿನ ಕಡೆಯ ಚೆಟ್ಟಿಗಳ ಲೆಕ್ಕದ ಕಡತಗಳು, ಸಂಘಗಳ ಹಳೆಯ ಸಂಚಿಕೆಗಳು ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿರಬಹುದು. ಗೂಡಲೂರಿನ ಪ್ರದೇಶ ೧೮೭೭ರವರೆಗೆ ಮಲಬಾರಿನ ವೈನಾಡಿಗೆ ಸೇರಿತ್ತು; ಅಲ್ಲಿಯ ಮನೆಗಳ ಕಾಗದಗಳಲ್ಲಿ ಮಲಯಾಳವೂ ಕನ್ನಡವೂ ತಮಿಳೂ ಕೂಡಿಕೊಂಡಿರುವುದು ಸಹಜ. ಇಂಥವು ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ದೊರೆಯಲಾರವು.

ಬಡಗ ಬಂಧುಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅವರ ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ವಿವಾದವನ್ನು ಪಂಡಿತರು ನಡೆಸಿಕೊಳ್ಳಲಿ. ಅದು ಏನೆಂದು ತೀರ್ಮಾನಿಸತಕ್ಕವರು ಅದನ್ನಾಡುವವರು. ನಮ್ಮ ಕೆಲವು ಹಿರಿಯರು ಅದನ್ನು ಕನ್ನಡದ ಬಾಲವೆಂಬಂತೆ ಕಂಡುದರಿಂದ ಆದ ನಷ್ಟ ಹೆಚ್ಚು, ಲಾಭ ಇಲ್ಲ. ಕ್ಯಾಸಮೇಜರರು ಲೂಕನ ಸುವಾರ್ತೆಯನ್ನು ಬಡಗ ನುಡಿಗೆ ತಂದರು. ಅವರ ಮರಣಾನಂತರ ಅದು ಕನ್ನಡ ಲಿಪಿಯಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪಾಲ್ ಹಾಕಿಂಗ್ಸ್ ಅವರೂ ಕ್ರಿಸ್ಟಿಯಾನ್ ಪಿಲೋ-ರೇಶೂರ್ ಅವರೂ ಸೇರಿ ರಚಿಸಿದ ಬಡಗ-ಇಂಗ್ಲಿಷ್ ನಿಘಂಟು ೧೯೯೨ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾಯಿತು. ಬೆಟ್ಟದ ನುಡಿಯ ಕೋಶವನ್ನು ಬೆಟ್ಟದ ಹಟ್ಟಿಯವನು ಕೊಳ್ಳಲಾರನು, ಅಷ್ಟು ಬೆಲೆ. ಹೆತ್ತೆ ಹಬ್ಬದಲ್ಲಿ ಹಾಡುವ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ತಮಿಳು ಲಿಪಿಯಲ್ಲಿ ಬರೆದಿಟ್ಟವರಿರಬಹುದು, ಕನ್ನಡ ಲಿಪಿಯಲ್ಲಿ ಬರೆದಿಟ್ಟವರೂ ಇರಬಹುದು. ಲಿಪಿ ಯಾವುದಾದರೂ ಸರಿ, ಅವರು ಒಪ್ಪಿದರೆ ನಾವು ಸ್ಕ್ಯಾನ್ ಮಾಡಿಕೊಡೋಣ; ಅದನ್ನು ಲೋಕಕ್ಕೆ ತೋರುವುದೋ ಹಟ್ಟಿಯೊಳಗೇ ಇಟ್ಟುಕೊಳ್ಳುವುದೋ ಎಂಬ ನಿರ್ಣಯ ಅವರದಾಗಿರಲಿ. ದೈವಕ್ಕೆ ಸಲ್ಲುವ ಹಾಡನ್ನು ಬೀದಿಗೆ ತರುವ ಹಕ್ಕು ನಮಗಿಲ್ಲ.

ಕೆಲಸಕ್ಕೆ ಬೇಕಾದುದು ಅಲ್ಪ. ಕಿಟಕಿಯ ಪಕ್ಕದ ಒಂದು ಮೇಜು, ಮೊಬೈಲನ್ನು ಅಲುಗದಂತೆ ಹಿಡಿಯುವ ಒಂದು ಸ್ಟ್ಯಾಂಡು, ಪುಟವನ್ನು ಸಮವಾಗಿ ಒತ್ತಿಡುವ ಒಂದು ಗಾಜಿನ ಹಲಗೆ, ಹಗಲ ಬೆಳಕು. ಸ್ಕ್ಯಾನರ್ ದೊರೆತರೆ ಅಂಗುಲಕ್ಕೆ ೩೦೦ ಚುಕ್ಕೆಗಳಿಗೆ ಕಡಿಮೆಯಿಲ್ಲದಂತೆ ಇರಲಿ. ಪುಸ್ತಕದ ಹೆಸರು, ಬರೆದವರು, ಅಚ್ಚಾದ ವರ್ಷ, ಯಾವ ಮನೆಯದು ಎಂಬುದನ್ನು ಮೊದಲ ದಿನವೇ ಕನ್ನಡದಲ್ಲಿ ಬರೆದಿಡಬೇಕು. ಇಲ್ಲವಾದರೆ ಹೈದರಾಬಾದಿನ ಪಟ್ಟಿಯ ಪಾಡೇ ನಮ್ಮದೂ ಆಗುತ್ತದೆ. ಗೂಡಲೂರಿನಲ್ಲಿ ಭಾನುವಾರದ ಅಕ್ಷರ ತರಗತಿಯನ್ನು ಇಬ್ಬರು ತಾಯಂದಿರು ಒಪ್ಪಿಕೊಂಡರೆ, ಮಸಿನಗುಡಿಯಲ್ಲಿಯೂ ಒಂದು ತೆರೆಯಬಹುದು. ಅಲ್ಲಿ ಮಕ್ಕಳು ಓದತಕ್ಕ ಮೊದಲ ಪುಸ್ತಕ ಪಂಜೆ ಮಂಗೇಶರಾಯರದಾಗಿರಲಿ. ೧೯೩೭ರಲ್ಲಿ ತೀರಿಕೊಂಡ ಅವರ ಕತೆ, ಪದ್ಯಗಳಿಗೆ ಇಂದು ಯಾರ ಅಪ್ಪಣೆಯೂ ಬೇಡ, ಬೆಲೆಯೂ ಇಲ್ಲ.

ಮನೆಯಲ್ಲಿ ಹಳೆಯ ಪುಸ್ತಕ, ಕಾಗದಗಳಿರುವವರು ಮುಂದಿನ ತಿಂಗಳ ಸಭೆಗೆ ತರಬೇಕಾಗಿ ವಿನಂತಿ. ಬಿಸಿಲಿಗೆ ಹಾಕಬೇಡಿ, ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಹೊಲಿಗೆ ಬಿಚ್ಚಬೇಡಿ. ಹೆಸರು ಬರೆಯಬೇಕೆಂದಿದ್ದರೆ ಬೇರೆ ಚೀಟಿಯಲ್ಲಿ, ಪೆನ್ಸಿಲಿನಿಂದ ಬರೆದಿಡಿ. ಸ್ಕ್ಯಾನಾದ ಮೇಲೆ ಮೂಲ ಪ್ರತಿ ಅದೇ ದಿನ ನಿಮ್ಮ ಕೈಗೇ ಹಿಂದಿರುಗುತ್ತದೆ.